ಮಾಲಕಿ ಉಕ್ಕಿಸಿದ ಹಾಲು

ಮಕ್ತಲ್ ಬಸ್ ನಿಲ್ದಾಣದಿಂದ ನಮ್ಮ ಓಣಿಗೆ ಬರುವ ದಾರಿಯಲ್ಲಿ ಒಂದು ಹಾಳು ಬಾವಿ ಇದೆ. ಕಟ್ಟೆ ಒಡೆದಿದೆ. ಒಳಗೆ ನೀರಿಲ್ಲ, ಪಾರಿವಾಳಗಳಿವೆ. ರಾತ್ರಿ ಪಕ್ಕದಲ್ಲಿ ಹಾಯ್ದರೆ ಚಪ್ಪಲಿಯ ಸದ್ದಿಗೆ ಒಳಗೊಂದು ರೆಕ್ಕೆ ಪಟಪಟ ಎನ್ನುತ್ತದೆ. ಅಷ್ಟೇ. ಅದಕ್ಕೆ ಯಾರೂ ಹೆದರುವುದಿಲ್ಲ.

ಮೌನೇಶನೂ ಹೆದರುತ್ತಿರಲಿಲ್ಲ. ಅವನು ನಾರಾಯಣಪೇಟೆಯ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ದಿನಾ ಕೊನೆಯ ಬಸ್ಸಿಗೆ ಬರುತ್ತಿದ್ದ. ಆ ರಾತ್ರಿಯೂ ಬಂದ. ಬಾವಿ ದಾಟಿದ. ಪಟಪಟ ಎಂದಿತು. ತಲೆ ಎತ್ತಿ ನೋಡಿದರೆ... ಅವನ ಅಡಿಗೆಮನೆಯ ಕಿಟಕಿಯಲ್ಲಿ ದೀಪ.

ಹೆಂಡತಿ ವಾಣಿಶ್ರೀ ತವರಿಗೆ, ಧರೂರಿಗೆ ಹೋಗಿದ್ದಳು. ಬೆಳಿಗ್ಗೆ ಮನೆಗೆ ಅವನೇ ಬೀಗ ಹಾಕಿದ್ದ. ಹೇಳದೆ ವಾಪಸು ಬಂದಿರಬೇಕು ಎಂದುಕೊಂಡ. ಖುಷಿಯಾಯಿತು. ಹೋಗಿ ಕಿಟಕಿಯ ಪಕ್ಕ ನಿಂತ.

ಒಳಗೆ ಗ್ಯಾಸ್ ಲೈಟರಿನ ಸದ್ದು. ಟಿಕ್... ಟಿಕ್... ಟಿಕ್. ಆಮೇಲೆ ಬುಸ್ ಎಂದು ಉರಿ ಹತ್ತಿತು. ಪಾತ್ರೆಯ ಅಂಚಿಗೆ ಬಳೆ ತಾಗಿ ಕಿಣ್ ಎಂದಿತು.

"ಏ ವಾಣಿ, ಯಾವಾಗ ಬಂದಿ?"

ಹೆಂಗಸೊಬ್ಬಳು ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ತಲೆಯ ಮೇಲೆ ಸೆರಗು. ಮುಖ ಕಾಣುತ್ತಿರಲಿಲ್ಲ. ಆಗ ಅವನಿಗೆ ಹೊಳೆಯಿತು. ವಾಣಿಶ್ರೀ ಕುಳ್ಳಿ. ಆ ಅಡಿಗೆಕಟ್ಟೆ ಅವಳಿಗೆ ಎತ್ತರವಾಗುತ್ತದೆ ಎಂದು ಕೆಳಗೆ ಮಣೆ ಹಾಕಿಕೊಂಡು ನಿಲ್ಲುತ್ತಾಳೆ. ಈ ಹೆಂಗಸಿನ ತಲೆ ಗೋಡೆಯ ಮೇಲಿನ ಹಲಗೆಯ ಮಟ್ಟಕ್ಕಿತ್ತು.

ಓಡಿ ಮುಂಬಾಗಿಲಿಗೆ ಬಂದ. ಹಾಕಿದ ಬೀಗ ಹಾಕಿದಂತೆಯೇ ಇತ್ತು. ಬಾಗಿಲಿಗೆ ಕಿವಿ ಇಟ್ಟ. ಒಳಗೆ ಹಾಲು ಉಕ್ಕುವ ಸದ್ದು... ಸುಸ್ಸ್...

ನಮ್ಮದು ಎದುರು ಮನೆ. ಅವನು ಬಂದು ನಮ್ಮ ಬಾಗಿಲು ತಟ್ಟಿದ.

"ಕಾಂತೇಶಣ್ಣ..." ಪಿಸುಮಾತು. "ಒಳಗ ಯಾರೋ ಅದಾರ."

"ಕಳ್ಳನಾ?"

"ಕಳ್ಳ ಬಂದು ಹಾಲು ಕಾಸ್ತಾನೇನು?"

ಇಬ್ಬರೂ ಬೀಗ ತೆಗೆದು ಒಳಗೆ ಹೋದೆವು. ಕತ್ತಲೆ. ಯಾವ ದೀಪವೂ ಉರಿಯುತ್ತಿರಲಿಲ್ಲ. ಸ್ವಿಚ್ ಹಾಕಿದೆ. ಒಲೆಯ ಮೇಲೆ ಪಾತ್ರೆ. ಪಾತ್ರೆಯಲ್ಲಿ ಹಾಲು. ಉಕ್ಕಿ ಚೆಲ್ಲಿದ ಹಾಲು ಬರ್ನರಿನ ಸುತ್ತ ಇನ್ನೂ ಗುಳ್ಳೆ ಒಡೆಯುತ್ತಿತ್ತು.

ನಾನು ರಸಾಯನಶಾಸ್ತ್ರ ಓದಿದವನು. ಮೊದಲು ನೋಡಿದ್ದು ಸಿಲಿಂಡರನ್ನು. ಅದು ಬಂದ್ ಇತ್ತು. ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗಳಿ. ಕಿಟಕಿಯ ಸರಳುಗಳು ಗಟ್ಟಿ.

"ಹಾಲು ನೀ ತಂದಿದ್ಯಾ?"

"ವಾಣಿ ಹ್ವಾದಾಗಿಂದ ಮನ್ಯಾಗ ಹಾಲೇ ಇಲ್ಲಣ್ಣ. ನಾ ಕರೀ ಚಾ ಕುಡೀತೀನಿ."

"ಹೆಂಗಿದ್ದಳು?"

"ಎತ್ತರ. ಜಡಿ ಸೊಂಟದ ತನಕ... ಲೈಟರ್ ಎಡಗೈಯಾಗ ಹಿಡಿದಿದ್ದಳು."

ಅಂಥ ಎತ್ತರದ, ಎಡಗೈ ಬಳಸುವ ಒಬ್ಬ ಹೆಂಗಸು ನನಗೆ ಗೊತ್ತಿದ್ದಳು. ಅವಳು ಸತ್ತಿರಲಿಲ್ಲ. ಆ ಹೊತ್ತಿಗೆ ಗದ್ವಾಲದಲ್ಲಿ, ಗಂಡನ ಪಕ್ಕದಲ್ಲಿ ಮಲಗಿದ್ದಳು. ಮೌನೇಶ ಬಾಡಿಗೆಗಿದ್ದ ಈ ಮನೆಯ ಮಾಲಕಿ. ನನ್ನ ದೊಡ್ಡಪ್ಪನ ಮಗಳು, ಭಾಗ್ಯಜ್ಯೋತಿ ಅಕ್ಕ.

ನೀವು ಮೊದಲ ಸಲ ಮನೆ ಬಾಡಿಗೆಗೆ ಕೊಡುತ್ತಿದ್ದೀರಿ ಎಂದು ಕೇಳಿದೆ. ಅದಕ್ಕೇ ಇದನ್ನು ಹೇಳುತ್ತಿದ್ದೇನೆ. ಕಾಗದಪತ್ರದ ವಿಷಯ ನಿಮಗೆ ಎಲ್ಲರೂ ಹೇಳುತ್ತಾರೆ. ಬರುವವರ ಆಧಾರ್ ನೋಡಿ, ಹಿಂದೆ ಇದ್ದ ಮನೆಯವರನ್ನು ಕೇಳಿ, ಕರಾರು ಬರೆಸಿ, ಕರೆಂಟಿನ ಮೀಟರು ಬರೆದುಕೊಳ್ಳಿ, ಗೋಡೆಗಳ ಫೋಟೋ ತೆಗೆದಿಡಿ. ನಾವೂ ಎಲ್ಲ ಮಾಡಿದ್ದೆವು. ಎಲ್ಲ ನಾನೇ ನಿಂತು ಮಾಡಿಸಿದ್ದೆ. ಆದರೂ ಒಂದು ತಪ್ಪಿತು.

ಅಕ್ಕನಿಗೆ ಆ ಮನೆ ಎಂದರೆ ಹುಚ್ಚು. ಕಟ್ಟುವಾಗ ಬಿಸಿಲಲ್ಲಿ ಮರಳಿನ ಗುಡ್ಡೆಯ ಮೇಲೆ ಕೂತು ಒಂದೊಂದು ಇಟ್ಟಿಗೆ ನೋಡಿದವಳು. ಅಡಿಗೆಕಟ್ಟೆಯನ್ನು ತನ್ನ ಎತ್ತರಕ್ಕೆ ಸರಿಯಾಗಿ, ಒಂದು ಸಲ ಕಟ್ಟಿದ್ದನ್ನು ಒಡೆಸಿ ಮತ್ತೆ ಕಟ್ಟಿಸಿದಳು. ಪೂರ್ವಕ್ಕೆ ಇನ್ನೊಂದು ಕಿಟಕಿ ಇಡಿಸಿದಳು. ಬೆಳಗಿನ ಬಿಸಿಲು ನೇರ ಒಲೆಯ ಮೇಲೆ ಬೀಳಬೇಕು ಎಂದು. ಬಿದ್ದಿತು. ಆ ಬಿಸಿಲಲ್ಲಿ ಅವಳು ಅಡಿಗೆ ಮಾಡಿದ್ದು ಒಂದೇ ಚಳಿಗಾಲ. ಗುರುಪ್ರಸಾದ ಮಾಮ, ಅಂದರೆ ಅವಳ ಗಂಡ, ಹತ್ತಿಬೀಜದ ಕಂಪನಿಯಲ್ಲಿದ್ದ. ಗದ್ವಾಲಕ್ಕೆ ಹಾಕಿದರು. ಹೋಗಲೇಬೇಕಾಯಿತು.

ಗದ್ವಾಲದಲ್ಲಿ ಅವರೂ ಬಾಡಿಗೆ ಮನೆಯವರೇ. ಅಲ್ಲಿಯ ಅಡಿಗೆಮನೆಯ ಕಿಟಕಿ ತೆರೆದರೆ ಪಕ್ಕದವರ ಗೋಡೆ. ಮಧ್ಯಾಹ್ನವೂ ದೀಪ ಹಾಕಬೇಕು. ಮಾಲಕಿ ಮುದುಕಿ ಬಾಗಿಲು ಬಡಿಯದೆ ಒಳಗೆ ಬರುತ್ತಿದ್ದಳು. "ಏಂ ವಂಡಿನವ್ ಅಮ್ಮಾ?" ಏನು ಅಡಿಗೆ ಎಂದು ತೆಲುಗಿನಲ್ಲಿ ಕೇಳುತ್ತಲೇ ಪಾತ್ರೆಯ ಮುಚ್ಚಳ ಎತ್ತಿ ನೋಡುತ್ತಿದ್ದಳು. ಅಕ್ಕ ಹಲ್ಲು ಕಚ್ಚಿ ನಿಲ್ಲುತ್ತಿದ್ದಳು.

ಮಕ್ತಲ್ ಮನೆಗೆ ಮೌನೇಶ, ವಾಣಿಶ್ರೀ ಬಂದರು. ಹೊಸದಾಗಿ ಮದುವೆಯಾದವರು. ಒಳ್ಳೆಯವರು. ಬೀರಪ್ಪ ದೇವರ ಒಕ್ಕಲಿನವರು.

ಹೊಸ ಮನೆಗೆ ಒಕ್ಕಲು ಬರುವ ದಿನ ಹಾಲು ಉಕ್ಕಿಸುವುದು ನಮ್ಮಲ್ಲಿ ಎಲ್ಲರೂ ಮಾಡುತ್ತಾರೆ. ಬಾಡಿಗೆಯವರಾದರೂ ಸರಿ. ಆ ಮನೆಯಲ್ಲಿ ಇರಲು ಬಂದ ಹೆಂಗಸು ಹೊಸ ಪಾತ್ರೆಯಲ್ಲಿ ಹಾಲಿಟ್ಟು ಉಕ್ಕಿಸಬೇಕು. ಮಾಲಕಿ ಅವಳ ಉಡಿಗೆ, ಅಂದರೆ ಮಡಿಲಿಗೆ, ಅಕ್ಕಿ, ರವಿಕೆಗೆಂದು ಕುಬಸದ ಕಣ, ತೆಂಗಿನಕಾಯಿ ಹಾಕಿ ಹೊರಗೆ ಬರಬೇಕು. ಅಲ್ಲಿಗೆ ಮನೆ ಕೈ ಬದಲಾಯಿತು ಎಂದು ಲೆಕ್ಕ.

ವಾಣಿಶ್ರೀಯ ತಾಯಿ ಶೇಖಮ್ಮ ಧರೂರಿನಿಂದ ತಮ್ಮ ಎಮ್ಮೆಯ ಹಾಲು ತಂದಿದ್ದಳು. ವಾಣಿಶ್ರೀ ಪಾತ್ರೆ ಒಲೆಯ ಮೇಲಿಡಲು ಹೋದಳು. ಕೈ ಎತ್ತರಕ್ಕೆ ಸರಿಯಾಗಲಿಲ್ಲ. ಹಾಲು ತುಸು ತುಳುಕಿತು.

ಅಕ್ಕ ಪಾತ್ರೆ ಕಸಿದುಕೊಂಡಳು.

"ಸರಿ ಅತ್ಲಾಗ. ನಾ ಉಕ್ಕಸ್ತೀನಿ."

"ಇರಾಕ ಬಂದಾಕಿ ಉಕ್ಕಸಬೇಕ್ರಿ ಮಾಲಕರಾ," ಎಂದಳು ಶೇಖಮ್ಮ.

"ನನ್ನ ಮನಿ. ನನ್ನ ಒಲಿ. ನಾ ಉಕ್ಕಿಸಿದರ ಹಾಲು ಒಡದು ಹೋಗತೈತೇನು?"

"ಒಡೀಂಗಿಲ್ರಿ... ಆದರ ಈ ಮನ್ಯಾಗ ಇರಾಕಿ ನೀವಾ ಆಗತೀರಿ."

"ಆಗ್ಲೇಳು!"

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಅಕ್ಕ ಎಡಗೈಲಿ ಲೈಟರ್ ಹಿಡಿದು ಒಲೆ ಹಚ್ಚಿದಳು. ಹಾಲು ಉಕ್ಕಿತು. ಉಡಿ ತುಂಬುವ ಸಾಮಾನು ಅವಳ ಚೀಲದಲ್ಲೇ ಇತ್ತು. ತೆಗೆಯಲಿಲ್ಲ. "ಮುಂದಿನ ಸಲ ಬಂದಾಗ ನೋಡೂಣು" ಎಂದು ಚೀಲ ಹೆಗಲಿಗೆ ಹಾಕಿಕೊಂಡಳು. ಇನ್ನೊಂದು ಕೀಲಿಕೈಯನ್ನೂ ಸೊಂಟದಲ್ಲಿ ಸಿಕ್ಕಿಸಿಕೊಂಡಳು.

ಮಾಲಕರು ಒಂದು ಕೀಲಿಕೈ ಇಟ್ಟುಕೊಳ್ಳುವುದು ತಪ್ಪಲ್ಲ. ಹೇಳದೆ ಕೇಳದೆ ಅದನ್ನು ಬಳಸುವುದು ತಪ್ಪು. ಅಕ್ಕ ಬಳಸಿದಳು. ಹೇಳದೆ ಬರುತ್ತಿದ್ದಳು. ಬಾಗಿಲು ತೆಗೆದು ನೇರ ಅಡಿಗೆಮನೆಗೆ ನಡೆಯುತ್ತಿದ್ದಳು.

"ಇಲ್ಲಿ ಮೊಳಿ ಯಾರು ಹೊಡದವರು?"

"ನಾನಾ ಹೊಡದೀನ್ರಿ ಅಕ್ಕಾರ. ಜರಡಿ ತೂಗಾಕಾಕ."

"ನನ್ನ ಗ್ವಾಡಿ ಜರಡಿ ಮಾಡೀದಿ, ಇನ್ನ ಜರಡಿ ಬ್ಯಾರೆ ಯಾಕ?"

ವಾಣಿಶ್ರೀ ಆಗ ನಗುತ್ತಿದ್ದಳು. ಅವಳು ನಕ್ಕರೆ ಅಕ್ಕನಿಗೆ ಇನ್ನೂ ಉರಿಯುತ್ತಿತ್ತು. ಗದ್ವಾಲಕ್ಕೆ ವಾಪಸು ಹೋದ ಮೇಲೆ ಸಂಜೆಯಾದರೆ ನನಗೆ ಫೋನು.

"ಕಾಂತೇಶಾ, ಕಿಟಕಿಗೆ ಪರದಿ ಹಾಕ್ಯಾಳಾ?"

"ಹಾಕ್ಯಾಳಕ್ಕ."

"ಯಾವ ಬಣ್ಣ?"

"ಹಸರು."

"ಆ ಗ್ವಾಡಿಗೆ ಹಸರಾ? ಕಣ್ಣು ಕಾಣಂಗಿಲ್ಲೇನು ಆಕಿಗೆ?" ಸ್ವಲ್ಪ ತಡೆದು, "ಮುಂಜಾನಿ ಬಿಸಲು ಇನ್ನೂ ಒಲಿ ಮ್ಯಾಲ ಬೀಳತೈತೇನು?"

"ಬೀಳದ ಎಲ್ಲಿ ಹೋಗತೈತಿ?"

ಆ ಕಡೆ ಪಾತ್ರೆ ಕುಕ್ಕಿದ ಸದ್ದು.

"ಬೀಳತೈತಿ..." ಎಂದಳು. "ಆಕಿ ಮ್ಯಾಲ ಬೀಳತೈತಿ."

ಫೋನ್ ಇಟ್ಟಳು. ಮೌನೇಶ ಕಿಟಕಿಯಲ್ಲಿ ದೀಪ ಕಂಡದ್ದು ಅದಾದ ಸ್ವಲ್ಪ ದಿನಕ್ಕೆ.

ವಾಣಿಶ್ರೀ ಧರೂರಿನಿಂದ ಬಂದಳು. ಗಂಡ ಹೇಳಿದ್ದನ್ನು ನಂಬಲಿಲ್ಲ. "ಸೀರಿ ಅಂಗಡ್ಯಾಗ ದಿನಾ ಹೆಂಗಸರನ್ನ ನೋಡಿ ನೋಡಿ ನಿನಗ ಕಿಟಕ್ಯಾಗೂ ಅವರಾ ಕಾಣತಾರ" ಎಂದು ಹಂಗಿಸಿದಳು. ಮಾರನೆಯ ಬೆಳಿಗ್ಗೆ ಉಪ್ಪಿನ ಡಬ್ಬಿ ಅವಳ ಕೈಗೆ ಸಿಗಲಿಲ್ಲ. ಅದು ಮೇಲಿನ ಹಲಗೆಯ ಮೇಲಿತ್ತು. ಗಂಡನದೇ ಕಿತಾಪತಿ ಎಂದು ಜಗಳ ಮಾಡಿದಳು. ಕೆಳಗಿಟ್ಟಳು. ಮತ್ತೆ ಬೆಳಗಾದರೆ ಮೇಲೆ. ಉಪ್ಪು, ಸಕ್ಕರೆ, ಚಹಾಪುಡಿ. ಒಂದೊಂದಾಗಿ ಎಲ್ಲ ಅವಳಿಗೆ ಎಟುಕದ ಕಡೆ ಹೋದವು. ಅಕ್ಕ ಇದ್ದಾಗ ಅವೆಲ್ಲ ಅಲ್ಲೇ ಇರುತ್ತಿದ್ದವು. ನನಗೆ ನೆನಪಿತ್ತು.

ಒಂದು ರಾತ್ರಿ ಮೌನೇಶ ಮಲಗಿದ್ದ. ಅಡಿಗೆಮನೆಯಲ್ಲಿ ಟಿಕ್... ಟಿಕ್... ಟಿಕ್.

ವಾಣಿಶ್ರೀ ಒಬ್ಬಳೇ ಎದ್ದು ಹೋದಳು. ಅವಳಿಗೆ ಧೈರ್ಯ ಹೆಚ್ಚು. ಬಾಗಿಲಲ್ಲಿ ನಿಂತಳು. ಒಲೆಯ ಉರಿಯ ಬೆಳಕಲ್ಲಿ ಎತ್ತರದ ಹೆಂಗಸು. ಇವಳ ಮಣೆ ಮೂಲೆಯಲ್ಲಿ ಬಿದ್ದಿತ್ತು.

"ಎವರು?" ಗಾಬರಿಗೆ ತೆಲುಗು ಬಂತು. "ಯಾರ್ರೀ ಅದು?"

ಹೆಂಗಸು ತಿರುಗಲಿಲ್ಲ. ಹಾಲಿನಲ್ಲಿ ಸೌಟು ಆಡಿಸುತ್ತಲೇ ಇದ್ದಳು. ತಳಕ್ಕೆ ಸೌಟು ಉಜ್ಜುವ ಸದ್ದು... ಗರ್ರ್... ಗರ್ರ್... ಆಮೇಲೆ ಮೆಲ್ಲಗೆ, ನಿದ್ದೆಯಲ್ಲಿ ಮಾತಾಡಿದ ಹಾಗೆ, ಎಂದಳು:

"ಸರಿ ಅತ್ಲಾಗ."

ವಾಣಿಶ್ರೀಗೆ ಆ ದನಿ ಗೊತ್ತಾಯಿತು.

ಬೆಳಿಗ್ಗೆ ನಮ್ಮ ಮನೆಗೆ ಬಂದಳು. ಕಣ್ಣು ಕೆಂಪು. ಭಯದ್ದಲ್ಲ, ಸಿಟ್ಟಿನದು.

"ಕಾಂತೇಶಣ್ಣ, ನಿಮ್ಮ ಅಕ್ಕಗ ಹೇಳ್ರಿ. ಹಗಲಾ ಬರಾದು ಸಾಲದಾ?"

"ಆಕಿ ಗದ್ವಾಲದಾಗ ಅದಾಳಲ್ಲ ವಾಣಿ."

"ಅದಾರ. ಇಲ್ಲೂ ಅದಾರ. ಎರಡು ಮನಿ ಬೇಕೇನು ಅವರಿಗೆ?"

"ಹೆದರಿಕಿ ಆದರ ಬ್ಯಾರೆ ಮನಿ ನೋಡೂಣು."

"ನಾ ಯಾಕ ಹೋಗಲಿ?" ಎಂದಳು. "ಇಂಥಾ ಬಿಸಲು ಬೀಳೂ ಅಡಿಗಿಮನಿ ಮತ್ತೆಲ್ಲಿ ಸಿಗತೈತಿ? ಬಿಟ್ಟು ಹೋದಾಕಿ ಆಕಿ. ಇರಾಕಿ ನಾನು."

ಅವಳಿಗೂ ಹತ್ತಿತ್ತು. ಅದೇ ಉರಿ.

ಅದೇ ವಾರ ಗುರುಪ್ರಸಾದ ಮಾಮನ ಫೋನು ಬಂತು. ಮಾಮ ಹೆಚ್ಚು ಮಾತಿನವನಲ್ಲ. ಅವತ್ತು ಒಂದೇ ಉಸಿರಿಗೆ ಮಾತಾಡಿದ.

"ಕಾಂತೇಶಾ, ನಿಮ್ಮ ಅಕ್ಕ ಯಾಕೋ ಸರಿ ಇಲ್ಲೋ. ಡಾಕ್ಟರು ರಕ್ತ ನೋಡಿದರು, ಎಲ್ಲಾ ನೋಡಿದರು. ಏನೂ ಇಲ್ಲ ಅಂತಾರ."

"ಏನಾಗತೈತಿ ಮಾಮ?"

"ಕರದರ... ಓ ಅನ್ನಾಕ ತಡ ಮಾಡ್ತಾಳ."

"ಕಿವಿ ತೊಂದರಿ ಇರಬೇಕು."

"ಕಿವಿ ಅಲ್ಲೋ. ರಾತ್ರಿ ಕಣ್ಣು ತೆರಕೊಂಡು ಮಲಗಿರ್ತಾಳ. ಮೈ ತಣ್ಣಗ. ಜ್ಯೋತಿ ಅಂತೀನಿ. ಸುಮ್ಮನ ಇರ್ತಾಳ. ಎಷ್ಟೋ ಹೊತ್ತಿಗೆ ಓ ಅಂತಾಳ. ದೂರದಿಂದ ಬಂದಂಗ. ಮೊದಲು ಇಷ್ಟು ತಡ ಇರಲಿಲ್ಲ. ದಿನಾ ಹೆಚ್ಚಾಗಾಕತ್ತೈತಿ..."

ನಾನು ಯೋಚಿಸಿದೆ. ಎರಡೂ ಕಡೆ ಒಟ್ಟಿಗೆ ನೋಡಿದರೆ ಗೊತ್ತಾಗುತ್ತದೆ. ಒಂದೇ ಹೊತ್ತಿಗೆ. ಮಾಮನಿಗೆ ಹೇಳಿದೆ: ಈ ರಾತ್ರಿ ಅಕ್ಕ ಹಾಗೆ ಮಲಗಿದಾಗ ನನಗೆ ಫೋನ್ ಮಾಡಿ. ನಾನು ಹೇಳಿದಾಗ ಕರೆಯಿರಿ. ಯಾಕೆಂದು ಕೇಳಬೇಡಿ.

ಆ ರಾತ್ರಿ ನಾನು, ಮೌನೇಶ, ವಾಣಿಶ್ರೀ ಅವರ ಪಡಸಾಲೆಯಲ್ಲಿ ಕತ್ತಲಲ್ಲಿ ಕೂತೆವು. ಅಡಿಗೆಮನೆಯ ಬಾಗಿಲು ತೆರೆದಿತ್ತು. ಓಣಿಯ ನಾಯಿಗಳು ಬೊಗಳಿ ಬೊಗಳಿ ಸುಮ್ಮನಾದವು. ಫೋನು ನನ್ನ ಅಂಗೈಯಲ್ಲಿ ಗುರ್ ಎಂದಿತು. ಎತ್ತಿದೆ. ಮಾಮನ ಉಸಿರು ಕೇಳಿಸಿತು.

"ಮಲಗ್ಯಾಳ. ಕಣ್ಣು ತೆರದಾವ," ಪಿಸುಗುಟ್ಟಿದ.

"ತಡೀರಿ."

ಕಾದೆವು...

ಟಿಕ್.

ಮೌನೇಶ ನನ್ನ ತೋಳು ಹಿಡಿದ.

ಟಿಕ್... ಟಿಕ್... ಬುಸ್.

ಬಳೆ ಕಿಣ್ ಎಂದಿತು. ಸೌಟು ತಳಕ್ಕೆ ಉಜ್ಜಿತು. ಗರ್ರ್... ಗರ್ರ್...

"ಈಗ ಕರೀರಿ ಮಾಮ," ಎಂದೆ.

ಫೋನಿನೊಳಗೆ, ಜುರಾಲ ಡ್ಯಾಮಿನಾಚೆ ಗದ್ವಾಲದಲ್ಲಿ, ಮಾಮ ಮೆಲ್ಲಗೆ ಕರೆದ: "ಜ್ಯೋತಿ..."

ಅಡಿಗೆಮನೆಯಲ್ಲಿ ಸೌಟು ನಿಂತಿತು.

"ಹಾಂ... ಬಂದೆ," ಎಂದಳು ಒಳಗಿದ್ದವಳು.

ನಮ್ಮ ಮೂವರ ಕಿವಿಗೂ ಕೇಳಿಸಿತು. ವಾಣಿಶ್ರೀ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಯಾರೂ ಅಲುಗಲಿಲ್ಲ. ಒಳಗೆ ಪಾತ್ರೆಗೆ ಮುಚ್ಚಳ ಹಾಕಿದ ಸದ್ದು, ಠಣ್. ಆಮೇಲೆ ಏನೂ ಇಲ್ಲ. ಬಹಳ ಹೊತ್ತು ಏನೂ ಇಲ್ಲ. ಫೋನಿನಲ್ಲಿ ಮಾಮನ ಉಸಿರು ಮಾತ್ರ. ಕೊನೆಗೆ ಫೋನಿನೊಳಗಿಂದ, ಅದೇ ದನಿ, ಅದೇ ರಾಗ, ತೆಳ್ಳಗೆ:

"ಹಾಂ... ಬಂದೆ."

"ಈಗ ಓ ಅಂದಳು ನೋಡು," ಎಂದ ಮಾಮ. "ಎಷ್ಟು ತಡ ಆತು, ಕೇಳಿದ್ಯಾ?"

ಮೊದಲು ಇಲ್ಲಿ ಓ ಎಂದಳು ಎಂದು ಅವನಿಗೆ ಹೇಗೆ ಹೇಳಲಿ? ಓಗೊಡುವವಳು ಇಲ್ಲಿದ್ದಳು. ಗದ್ವಾಲದಲ್ಲಿ ಇದ್ದದ್ದು ಅವಳ ಮೈ. ಅವಳು ಇಲ್ಲಿಂದ ಅಲ್ಲಿಗೆ ಹೋಗಿ ಬಾಯಿ ತೆರೆಯಬೇಕಾಗಿತ್ತು. ದಿನಾ ಹೆಚ್ಚು ತಡ. ಒಂದು ರಾತ್ರಿ ಮಾಮ ಕರೆಯುತ್ತಾನೆ, ಇಲ್ಲಿ ಮಾತ್ರ ಓ ಎನ್ನುತ್ತಾಳೆ, ಅಲ್ಲಿ ಅನ್ನುವುದೇ ಇಲ್ಲ. ಆಗ?

ವಾಣಿಶ್ರೀಗೂ ಅದು ಅರ್ಥವಾಗಿತ್ತು. ಅವಳ ಸಿಟ್ಟು ಇಳಿದಿತ್ತು. "ನಮ್ಮವ್ವನ ಕರಸ್ತೀನಿ," ಎಂದಳು.

ಶೇಖಮ್ಮ ಬಂದಳು. ನಡೆದದ್ದೆಲ್ಲ ಕೇಳಿದಳು. ಎಲೆ ಅಡಿಕೆ ಜಗಿಯುತ್ತಾ ನನ್ನನ್ನೇ ನೋಡಿದಳು.

"ಅವತ್ತ ನೀವೂ ನಕ್ಕಿದ್ರಲ್ರೀ ಸರ್."

"ನಕ್ಕಿದ್ದೆ. ಈಗ ಏನು ಮಾಡಬೇಕು, ಹೇಳ್ರಿ."

"ಏನೈತಿ ಮಾಡಾಕ? ಅವತ್ತ ಆಗಬೇಕಾದ್ದು ಇವತ್ತ ಆಗಬೇಕು. ನನ್ನ ಮಗಳು ಹಾಲು ಉಕ್ಕಸಬೇಕು. ಅವರು ಉಡಿ ತುಂಬಬೇಕು. ಬಾಯಿಲೆ ಅನ್ನಬೇಕು, ನೀ ಇರೂತನಕ ಈ ಒಲಿ ನಿಂದು ಅಂತ. ಅಷ್ಟಾ. ಕಮ್ಮಿ ಅನ್ನಬಾರದು. ಹೆಚ್ಚೂ ಅನ್ನಬಾರದು."

"ಅಂದರ ಸಾಕಾ?"

"ಮನಸಿನಿಂದ ಅನ್ನಬೇಕು. ಅದಾ ಕಷ್ಟ."

ಮಾಮನಿಗೆ ಎಲ್ಲ ಹೇಳಿದೆ. ಅವನು ಮಾರನೆಯ ನಸುಕಿನಲ್ಲೇ ಕಾರು ಮಾಡಿಕೊಂಡು ಅಕ್ಕನನ್ನು ಕರೆತಂದ.

ಅಕ್ಕ ಕಾರಿನಿಂದ ಇಳಿದಾಗ ನನಗೆ ಗುರುತು ಹತ್ತಲಿಲ್ಲ. ಮುಖ ಸುಣ್ಣ ಬಳಿದ ಹಾಗಿತ್ತು. "ಅಕ್ಕ" ಎಂದೆ. ನನ್ನನ್ನೇ ನೋಡುತ್ತಾ ನಿಂತಳು. ನಾನು ಅವಳ ಚೀಲ ತೆಗೆದುಕೊಂಡು ಗೇಟು ತೆಗೆದ ಮೇಲೆ "ಹಾಂ... ಕಾಂತೇಶಾ" ಎಂದಳು.

ಆದರೆ ಹೊಸ್ತಿಲು ದಾಟಿದ್ದೇ ತಡ, ಕಣ್ಣಿಗೆ ಜೀವ ಬಂತು. ಹೆಜ್ಜೆ ಚುರುಕಾಯಿತು. ಅಡಿಗೆಮನೆಗೆ ಬಂದಳು. ಬಿಸಿಲು ಒಲೆಯ ಮೇಲೆ ಬಿದ್ದಿತ್ತು. ವಾಣಿಶ್ರೀ ಮಣೆಯ ಮೇಲೆ ನಿಂತು ಪಾತ್ರೆ ಇಡುತ್ತಿದ್ದಳು.

"ಈ ಪರದಿ ತೆಗಿ," ಎಂದಳು ಅಕ್ಕ. ದನಿ ಸ್ಪಷ್ಟ. ಒಂದಿಷ್ಟೂ ತಡವಿಲ್ಲ.

"ಅಕ್ಕಾರ, ಉಡಿ ತುಂಬ್ರಿ."

"ಯಾರಿಗೆ?"

"ನನಗ."

"ನಿನಗ್ಯಾಕ? ನನ್ನ ಒಲಿ ಕೊಟ್ಟೀನಿ, ಕಿಟಕಿ ಕೊಟ್ಟೀನಿ, ಇನ್ನ ಉಡೀನೂ ತುಂಬಬೇಕಾ? ನಾ ಅಲ್ಲಿ ಕತ್ತಲದಾಗ ರೊಟ್ಟಿ ಬಡೀಬೇಕು, ನೀ ಇಲ್ಲಿ ಬಿಸಲಾಗ ನಿಂತು ಹಲ್ಲು ಕಿಸೀಬೇಕು!"

"ಹಂಗಾರ ಬಂದು ಇರ್ರಿ," ಎಂದಳು ವಾಣಿಶ್ರೀ. ಮಣೆಯಿಂದ ಇಳಿಯಲಿಲ್ಲ. "ಮೈ ಸಮೇತ ಬಂದು ಇರ್ರಿ. ಅರ್ಧಾ ಬರಬ್ಯಾಡ್ರಿ."

ಅಕ್ಕ ಕೈ ಎತ್ತಿದಳು. ಹೊಡೆದೇ ಬಿಡುತ್ತಾಳೆ ಎಂದುಕೊಂಡೆ.

ಮಾಮ ನಡುವೆ ಬಂದ. ಸಿಟ್ಟು ಮಾಡಲಿಲ್ಲ. "ಜ್ಯೋತಿ," ಎಂದ, "ರಾತ್ರಿ ನಾ ಕರೀತೀನಿ. ನೀ ಓ ಅನ್ನೂತನಕ ನನಗ ಉಸಿರು ಬರಂಗಿಲ್ಲ. ನಿನಗ ಗೊತ್ತೈತೇನು?"

ಅಕ್ಕ ಅವನ ಕಡೆ ತಿರುಗಿದಳು. ಬಾಯಿ ತೆರೆದಳು. ಮಾತು ಬರಲಿಲ್ಲ. ನಮ್ಮೊಂದಿಗೆ ಅಷ್ಟು ಸ್ಪಷ್ಟ ಮಾತಾಡಿದವಳು ಗಂಡನಿಗೆ ಉತ್ತರ ಕೊಡಲಾರದೆ ನಿಂತಳು. ತುಟಿಗಳು ಅಲುಗಿದವು. ಅವಳಿಗೇ ಅದು ಗೊತ್ತಾಯಿತು. ಹೆದರಿದಳು. ಅವತ್ತೇ ಮೊದಲ ಸಲ ಅವಳು ಹೆದರಿದ್ದನ್ನು ನಾನು ಕಂಡದ್ದು.

ಮೆಲ್ಲಗೆ ನನ್ನ ಕೈಯಿಂದ ಚೀಲ ತೆಗೆದುಕೊಂಡು ಬಿಚ್ಚಿದಳು. ಮಾಮ ತುಂಬಿ ತಂದಿದ್ದ ಅಕ್ಕಿ, ಕುಬಸದ ಕಣ, ಕಾಯಿ. ವಾಣಿಶ್ರೀ ಮಣೆಯಿಂದ ಇಳಿದು ಸೆರಗು ಒಡ್ಡಿದಳು. ಅಕ್ಕ ಹಾಕಿದಳು. ಅರ್ಧ ಅಕ್ಕಿ ನೆಲದ ಮೇಲೆ ಬಿತ್ತು.

ವಾಣಿಶ್ರೀ ಮತ್ತೆ ಮಣೆ ಏರಿ ಲೈಟರ್ ಒತ್ತಿದಳು. ಟಿಕ್. ಹತ್ತಲಿಲ್ಲ. ಟಿಕ್... ಟಿಕ್. ಹತ್ತಲಿಲ್ಲ. ಸಿಲಿಂಡರ್ ನೋಡಿದೆ. ತೆರೆದಿತ್ತು. ಗ್ಯಾಸಿನ ವಾಸನೆ ಬರುತ್ತಿತ್ತು. ಕಿಡಿ ಕಾಣುತ್ತಿತ್ತು. ಎರಡೂ ಇದ್ದರೂ ಉರಿ ಇಲ್ಲ.

"ಬಾಯಿಲೆ ಅನ್ರಿ ತಾಯಿ," ಎಂದಳು ಶೇಖಮ್ಮ. "ನೀ ಇರೂತನಕ ಈ ಒಲಿ ನಿಂದು. ಅಷ್ಟಾ ಅನ್ರಿ."

ಅಕ್ಕ ಬಿಸಿಲನ್ನು ನೋಡಿದಳು. ವಾಣಿಶ್ರೀಯನ್ನು ನೋಡಿದಳು. ಸೊಂಟದ ಕೀಲಿಕೈ ಕಿತ್ತು ಕಟ್ಟೆಯ ಮೇಲೆ ಎಸೆದಳು.

"ತಗೊ. ಒಲಿ ನಿಂದು. ಕಿಟಕಿ ನಿಂದು. ಬಿಸಲು ನಿಂದು. ಎಲ್ಲಾ ನಿಂದಾ ತಗೊ! ಈ ಮನ್ಯಾಗ ನಂದು ಅಂತ ಒಂದು ಕಸಾನೂ ಇಲ್ಲ. ನೆನಪೂ ಬ್ಯಾಡ ನನಗ ಇದರದು. ಸಾಕಾತೇನು?"

"ಅಯ್ಯ, ಅಷ್ಟು ಅನಬ್ಯಾಡ್ರಿ..." ಶೇಖಮ್ಮ ಮುಂದೆ ಬಂದಳು.

ಟಿಕ್. ಬುಸ್.

ಒಲೆ ಹತ್ತಿತು. ಹಾಲು ಉಕ್ಕಿತು. ವಾಣಿಶ್ರೀ ಅತ್ತಳು. ಅಕ್ಕ ಅಳಲಿಲ್ಲ. ಹಿಂದೆ ನೋಡದೆ ಹೊರಗೆ ಹೋಗಿ ಕಾರಿನಲ್ಲಿ ಕೂತಳು. ಮಾಮ "ಜ್ಯೋತಿ" ಎಂದ. "ಏನ್ರೀ?" ಎಂದಳು. ಆಗಲೇ. ಅವನು ಮಾತು ಮುಗಿಸುವ ಮೊದಲೇ.

ಅಲ್ಲಿಂದ ಮುಂದೆ ಆ ಮನೆಯಲ್ಲಿ ರಾತ್ರಿ ಯಾವ ಸದ್ದೂ ಇಲ್ಲ. ಉಪ್ಪಿನ ಡಬ್ಬಿ ಇಟ್ಟಲ್ಲಿ ಇರುತ್ತದೆ. ಗದ್ವಾಲದಲ್ಲಿ ಅಕ್ಕ ಮೈ ತುಂಬಿಕೊಂಡಳು. ಫೋನಿನಲ್ಲಿ ನಗುತ್ತಿದ್ದಳು. ಮನೆಯ ಮಾತು ಎತ್ತುತ್ತಿರಲಿಲ್ಲ. ಮನಸ್ಸು ಗಟ್ಟಿ ಮಾಡಿಕೊಂಡಳು ಎಂದು ನಾವು ಸಮಾಧಾನಪಟ್ಟೆವು.

ಶ್ರಾವಣದಲ್ಲಿ ವಾಣಿಶ್ರೀ ಮುತ್ತೈದೆಯರನ್ನು ಊಟಕ್ಕೆ ಕರೆದಳು. ಅಕ್ಕನನ್ನು ಮೊದಲು ಕರೆದಳು. ಮಾಮ, ಅಕ್ಕ ಇಬ್ಬರೂ ಬಂದರು. ಗೇಟಿನಲ್ಲಿ ಅಕ್ಕ ನಿಂತಳು. ಕತ್ತೆತ್ತಿ ಮನೆಯನ್ನು ಮೇಲಿನಿಂದ ಕೆಳಗೆ ನೋಡಿದಳು.

"ಎಷ್ಟು ಚಂದ ಕಟ್ಟಿಸ್ಯಾರ," ಎಂದಳು.

ಚೇಷ್ಟೆ ಮಾಡುತ್ತಿದ್ದಾಳೆ ಎಂದು ನಾನು ನಕ್ಕೆ. ಅವಳು ನಗಲಿಲ್ಲ.

ಊಟ ಬಡಿಸುವಾಗ ವಾಣಿಶ್ರೀಯನ್ನು ಪಕ್ಕಕ್ಕೆ ಕರೆದಳು. ದನಿ ತಗ್ಗಿಸಿ ಕೇಳಿದಳು.

"ನಿಮ್ಮ ಮಾಲಕರು ಹೆಂಗದಾರವ್ವ? ಕಾಟ ಕೊಡತಾರೇನು?"

ವಾಣಿಶ್ರೀಯ ಕೈಯಲ್ಲಿ ಹುಗ್ಗಿಯ ಪಾತ್ರೆ ಇತ್ತು. ಅವಳು ನನ್ನ ಮುಖ ನೋಡಿದಳು. ನಾನು ಮಾಮನ ಮುಖ ನೋಡಿದೆ. ಮಾಮ ಎಲೆಯಿಂದ ತಲೆ ಎತ್ತಲಿಲ್ಲ.

"ಮೊದಲು ಬರತಿದ್ರು ಅಕ್ಕಾರ..." ಎಂದಳು ವಾಣಿಶ್ರೀ. "ಈಗ ಬರಂಗಿಲ್ಲ."

"ಪುಣ್ಯ ಮಾಡೀದಿ. ನಮ್ಮಾಕಿ ದಿನಾ ಬರತಾಳ." ಅಕ್ಕ ಸುತ್ತಲೂ ಕಣ್ಣಾಡಿಸಿದಳು. ಆಮೇಲೆ ನನ್ನ ಕಡೆ ಬಾಗಿ ಪಿಸುಗುಟ್ಟಿದಳು. "ಯಾವಾಕಿದೋ ಕಾಂತೇಶಾ ಈ ಮನಿ? ಖರೇ ಹೇಳತೀನಿ... ನೋಡಿದರ ಹೊಟ್ಟಿ ಉರೀತೈತಿ ನನಗ."

ಊಟವಾಯಿತು. ಅಕ್ಕ ಎಂಜಲ ಕೈ ಹಿಡಿದು ಎದ್ದಳು. ಪಡಸಾಲೆಯ ನಡುವೆ ನಿಂತು ಅತ್ತ ಇತ್ತ ನೋಡಿದಳು. ಒಂದು ಬಾಗಿಲು ದೂಡಿದಳು. ಅದು ಸಾಮಾನಿನ ಕೋಣೆ.

"ಬಚ್ಚಲ ಎಲ್ಲಿ ಐತಿ?" ಎಂದಳು.

ಇದು ಆಗಿದ್ದು. ಬಚ್ಚಲಿನ ದಾರಿ ತೋರಿಸಿದವನು ನಾನೇ.